ಹಸಿದ ಬಾಯಿಯ ಪದ

ಗುಮ್ಮಘಟ್ಟದ ಆಚೆ, ಗುಡ್ಡದ ಓರೆಯಲ್ಲಿರುವ ಆ ಕಲಾಕೇಂದ್ರದಲ್ಲಿ ಇವತ್ತಿಗೂ ಶಿಬಿರದ ಕೊನೆಯ ಸಂಜೆ ನಮ್ಮ ಮೇಳದ ಮಣ್ಣಿನ ಪದ ಕೇಳಿಸುತ್ತಾರೆ. ಊಟ ಆದ ಮೇಲೆ. ದೀಪ ಸಣ್ಣದು ಮಾಡಿ, ಎಲ್ಲರನ್ನೂ ಮೆತ್ತೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ ಕೇಳಿಸುತ್ತಾರೆ. ಮೊದಲು ನನ್ನ ಸೋದರಮಾವನೇ ಎದುರಿಗೆ ಕೂತು ಹಾಡುತ್ತಿದ್ದ. ಈಗ ಅವನು ಆ ಪದ ಅಲ್ಲಿ ಹಾಡುವುದಿಲ್ಲ. ಆದರೇನು, ಅವನ ದನಿಯನ್ನು ಮೊದಲೇ ಹಿಡಿದಿಟ್ಟುಕೊಂಡಿದ್ದಾರೆ, ಸ್ಪೀಕರಿನಿಂದ ಬಿಡುತ್ತಾರೆ. ಕೇಳಿದವರಲ್ಲಿ ಕೆಲವರು ಅಳುತ್ತಾರಂತೆ, ಮನಸ್ಸು ಹಗುರಾಯಿತು ಅನ್ನುತ್ತಾರಂತೆ. ಆಗಲಿ ಮಹರಾಯರೇ, ಹಗುರಾಗಲಿ. ಹೊಟ್ಟೆ ಭಾರವಾದಾಗ ಮನಸ್ಸಾದರೂ ಹಗುರಾಗಬೇಡವೆ?

ನಾನು ಸಿಟ್ಟಿನಿಂದ ಬರೆಯುತ್ತಿಲ್ಲ ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಅವ್ವ ಸತ್ತು ವರ್ಷಗಳಾದವು, ಸಿಟ್ಟು ಮಾತ್ರ ಒಲೆಯ ಕೆಂಡದ ಹಾಗೆ ಬೂದಿಯ ಕೆಳಗೆ ಹಾಗೇ ಇದೆ.

ಆ ಪದದ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಒಂದು ಭಜನೆಯ ಮೇಳ ಇತ್ತು. ಒಂದು ಏಕತಾರಿ, ಒಂದೆರಡು ದಮ್ಮಡಿ, ಉಳಿದವರ ಕೈಯಲ್ಲಿ ತಾಳ. ಶ್ರಾವಣದ ಶನಿವಾರ ನೇಮಕಲ್ಲಿನ ಆಂಜನೇಯನ ಗುಡಿಗೆ ಹೋಗಿ ಹಾಡುತ್ತಿದ್ದರು, ಸೋಮವಾರ ನಮ್ಮೂರ ಗುಡಿಯ ಕಟ್ಟೆಯ ಮೇಲೆ ಹಾಡುತ್ತಿದ್ದರು. ಮತ್ತೆ, ಸುತ್ತಲ ಹಳ್ಳಿಗಳಲ್ಲಿ ಯಾರಾದರೂ ಸತ್ತರೆ ಹೋಗಿ ಹೆಣದ ಮುಂದೆ ಕೂತು ಹಾಡುತ್ತಿದ್ದರು. ಹೆಣ ಕುಣಿಗೆ ಇಳಿಸಿ ಮೊದಲ ಹಿಡಿ ಮಣ್ಣು ಹಾಕುವಾಗ ಒಂದು ಪದ ಉಂಟು, ಅದೇ ಮಣ್ಣಿನ ಪದ. "ಮಣ್ಣವ್ವಾ ಬಾಗಿಲ ತೆಗಿ, ಹಸಿದವರು ಬಂದೇವಿ" ಅಂತ ಶುರುವಾಗುತ್ತದೆ. ಬಂದಾನ, ಬಂದಾಳ ಅಂತಲ್ಲ, ಬಂದೇವಿ. ಸತ್ತವರ ಜೊತೆ ಹಾಡುವವರೂ ಬಾಗಿಲಲ್ಲಿ ನಿಂತಿದ್ದಾರೆ ಅಂತ ಅದರ ಅರ್ಥ. ಅದಕ್ಕೇ ಕಟ್ಟಳೆ ಹೀಗೆ: ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಹಾಡುವವರು ನೀರು ಬಿಟ್ಟು ಬೇರೇನೂ ಮುಟ್ಟಬಾರದು. ಉಂಡು ಬಂದು "ಹಸಿದವರು ಬಂದೇವಿ" ಅಂತ ಮಣ್ಣಿನ ಮುಂದೆ ಸುಳ್ಳು ಹೇಳಬಾರದು. ಮೇಳದಲ್ಲಿ ಎಂಥೆಂಥಾ ಸುಳ್ಳುಗಾರರಿದ್ದರು, ಕುಡುಕರಿದ್ದರು, ಇನ್ನೊಬ್ಬರ ಹೊಲದ ಬದು ಒತ್ತುವವರಿದ್ದರು. ಆದರೆ ಈ ಒಂದು ವಿಷಯದಲ್ಲಿ ಯಾರೂ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಏಕತಾರಿ ಹಿಡಿಯುತ್ತಿದ್ದವಳು ನಮ್ಮವ್ವ. ಗಂಡಸರ ಮೇಳದಲ್ಲಿ ಒಬ್ಬಳೇ ಹೆಂಗಸು. ಅವಳ ತಂದೆ, ಅಂದರೆ ನನ್ನ ತಾತ, ಸಾಯುವಾಗ ಅದನ್ನು ಮಗಳ ಕೈಗೆ ಕೊಟ್ಟಿದ್ದನಂತೆ, ಮಗ ಇನ್ನೂ ತೊಟ್ಟಿಲು ಬಿಟ್ಟಿರಲಿಲ್ಲ ಅಂತ. ಆ ತೊಟ್ಟಿಲ ಕೂಸೇ ನನ್ನ ಮಾವ. ತಾಯಿಯೂ ಬೇಗ ಹೋದಳು. ಅವ್ವ ಮದುವೆಯಾಗಿ ಅದೇ ಊರಲ್ಲಿದ್ದದ್ದರಿಂದ ತಮ್ಮನನ್ನು ತಾನೇ ಸಾಕಿದಳು. ಮನೆಯಲ್ಲಿ ಮುದ್ದೆ ಕಮ್ಮಿ ಬಿದ್ದ ದಿನ ತನ್ನ ತಟ್ಟೆಯದನ್ನು ಅವನ ತಟ್ಟೆಗೆ ಹಾಕಿ, "ನನಗ ಎದಿಯುರಿ, ವಲ್ಲೆ" ಅನ್ನುತ್ತಿದ್ದಳು. ನನಗೆ ಬುದ್ಧಿ ಬಂದ ಮೇಲೆ ತಿಳಿಯಿತು, ಅವ್ವನಿಗೆ ಎದೆಯುರಿ ಯಾವತ್ತೂ ಇರಲಿಲ್ಲ.

ಸಾವಿನ ಮನೆಗೆ ಹಾಡಲು ಹೋದ ದಿನ ಅವ್ವ ವಾಪಸು ಬರುವಾಗ ತುಟಿ ಒಣಗಿ ಬಿರಿದಿರುತ್ತಿತ್ತು. ನೀರು ಹಾಕಿಕೊಂಡು, ಸೀರೆ ಬದಲಿಸಿ, ಒಲೆಯ ಮುಂದೆ ಕೂತು ಉಣ್ಣುತ್ತಿದ್ದಳು. ಒಮ್ಮೆ ನಾನು ಕೇಳಿದ್ದೆ, "ಯಾಕವ್ವ ಹಿಂಗ ಹಸಕಂಡು ಸಾಯ್ತಿ? ಅವರೇನು ನಿನ್ನ ಬಳಗಾನಾ?" ಅಂತ. ಅವ್ವ ತಟ್ಟೆಯಿಂದ ಮುಖ ಎತ್ತದೆ, "ನಾ ಸತ್ತಾಗ ನನಗೂ ಒಬ್ಬರು ಹಸಕಂಡು ಬಂದು ಹಾಡ್ಬೇಕಲ್ಲೇ. ಅಷ್ಟ ನನಗ ಬೇಕಾದ್ದು. ಬ್ಯಾರೆ ಏನೂ ಕೇಳಾಕಿ ಅಲ್ಲ ನಾನು" ಅಂದಳು. ನಿಜವಾಗಿಯೂ ಅವಳು ಜೀವಮಾನದಲ್ಲಿ ಬೇರೆ ಏನನ್ನೂ ಕೇಳಲಿಲ್ಲ.

ಆಮೇಲೆ ಊರು ಖಾಲಿಯಾಗತೊಡಗಿತು. ಬೆಂಗಳೂರಿನ ಕಟ್ಟಡದ ಕೆಲಸ ಅಂತ ಕೆಲವರು ಹೋದರು, ಗಾರ್ಮೆಂಟ್ಸ್ ಅಂತ ಕೆಲವರು ಹೋದರು. ದಮ್ಮಡಿಯವನು ಹೆಂಡತಿ ಮಕ್ಕಳ ಸಮೇತ ಹೋದ. ತಾಳದವರು ಒಬ್ಬರ ಹಿಂದೆ ಒಬ್ಬರು ಹೋದರು. ನನ್ನ ಗಂಡನೂ ಹೋದ. ಹಬ್ಬಕ್ಕೆ ಬರುತ್ತಿದ್ದವನು ಆಮೇಲೆ ಹಬ್ಬಕ್ಕೂ ಬರದಾದ. ನಾನು ಅವ್ವನ ಮನೆಗೇ ಬಂದು, ಅಲ್ಲಿಂದ ದಿನಾ ಶೇರ್ ಆಟೋದಲ್ಲಿ ರಾಯದುರ್ಗಕ್ಕೆ ಹೋಗಿ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಯತೊಡಗಿದೆ. ಅಪ್ಪ ತೀರಿಕೊಂಡ ವರ್ಷ ಕುರಿಗಳನ್ನೂ ಮಾರಿದೆವು. ಮೇಳದಲ್ಲಿ ಉಳಿದವರು ಅವ್ವ, ಮಾವ, ಮತ್ತೆ ಕಿವಿ ಮಂದವಾದ ಒಬ್ಬಿಬ್ಬರು ಮುದುಕರು. ಆ ಮುದುಕರೂ ಒಬ್ಬೊಬ್ಬರಾಗಿ ಹೋದರು, ಅವರಿಗೆಲ್ಲ ಮಣ್ಣಿನ ಪದ ಹಾಡಿದವರು ಅವ್ವ ಮತ್ತು ಮಾವನೇ.

ಅಂಥ ಹೊತ್ತಿನಲ್ಲಿ ಬಂತು ನೋಡಿ ಕಲಾಕೇಂದ್ರ. ಸೃಜನಶೀಲತೆ, ಅಧ್ಯಾತ್ಮ ಅಂತ ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲೂ ಬರೆದ ಬೋರ್ಡು. ನಾವೆಲ್ಲ ಮಣ್ಣಿನ ಗೋಡೆ ಕೆಡವಿ ಇಟ್ಟಿಗೆ ಕಟ್ಟಬೇಕು ಅಂತ ಬಾಯಿಬಾಯಿ ಬಿಡುತ್ತಿದ್ದರೆ, ಅವರು ದುಡ್ಡು ಸುರಿದು ಮಣ್ಣಿನ ಗೋಡೆ ಎಬ್ಬಿಸಿದರು. ಊರಿನಿಂದ ಒರಳು, ಬೀಸುಕಲ್ಲು ಒಯ್ದು ಅಂಗಳದಲ್ಲಿ ಶೋಕಿಗೆ ಇಟ್ಟರು. ನಗರದವರು ಬಂದು ಕುಂಬಾರರ ತಿಗರಿಯ ಮುಂದೆ ಕೂತು ಮಣ್ಣು ಕಲಸುತ್ತಿದ್ದರು, ಚಿತ್ರ ಬರೆಯುತ್ತಿದ್ದರು, ಬೆಳಗಿನ ಹೊತ್ತು ಮೌನ ಮಾಡುತ್ತಿದ್ದರು. ಮೌನದ ಹೊತ್ತಿನಲ್ಲಿ ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಬರಬೇಡಿ ಅಂತ ಊರಿಗೆ ಹೇಳಿ ಕಳಿಸಿದ್ದರು. ಹೊಟ್ಟೆ ತುಂಬಿದವರಿಗೆ ಹುಗ್ಗಿ ಮುಳ್ಳು ಅನ್ನುತ್ತಾರಲ್ಲ, ಇವರಿಗೆ ಕುರಿಯ ಕೊರಳ ಗಂಟೆಯೂ ಮುಳ್ಳಾಗಿತ್ತು.

ಅದನ್ನು ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಮೇಡಂ ಅನ್ನುತ್ತಿದ್ದೆವು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಸಿಟ್ಟು ಮಾಡುವ ನನ್ನ ಕೆಲಸ ಎಷ್ಟು ಸಲೀಸಾಗಿರುತ್ತಿತ್ತು! ಮೆತ್ತಗೆ ಮಾತಾಡುತ್ತಿದ್ದಳು, ನಮ್ಮ ಮನೆಗೆ ಬಂದರೆ ನೆಲದ ಮೇಲೇ ಕೂರುತ್ತಿದ್ದಳು. ಅವ್ವನ ದನಿ ಕೇಳಿ ಕಣ್ಣಲ್ಲಿ ನೀರು ತಂದುಕೊಂಡಳು. ಅವ್ವ, ಮಾವ ಇಬ್ಬರನ್ನೂ ಕೇಂದ್ರಕ್ಕೆ ಕರೆದಳು. ಇಬ್ಬರೂ ಹೋದರು. ಗುರುವಿನ ಪದ, ಬಯಲಿನ ಪದ, ಸಂಸಾರದ ಪದ ಎಲ್ಲ ಹಾಡಿದರು. ಜನ ತಲೆದೂಗಿದರು. ಅವ್ವನಿಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಖಾಲಿ ಕಟ್ಟೆಯ ಮುಂದೆ ಹಾಡಿ ಹಾಡಿ ಬೇಸತ್ತವಳು, ಕೇಳುವ ಕಿವಿ ಸಿಕ್ಕವು ಅಂದುಕೊಂಡಳು.

ಎಡವಿದವನು ಮಾವ. ಮಾತಿನ ಭರದಲ್ಲಿ ಮೇಡಂಗೆ ಮಣ್ಣಿನ ಪದದ ವಿಷಯ ಹೇಳಿಬಿಟ್ಟ. ಸರಿ, ಶಿಬಿರದ ಕೊನೆಯ ಸಂಜೆ ಅದನ್ನೇ ಹಾಡಬೇಕು ಅಂತ ಮೇಡಂ ಹಿಡಿದಳು. ಸಾವನ್ನು ಒಪ್ಪಿಕೊಳ್ಳುವುದೇ ಶಿಬಿರದ ವಿಷಯವಂತೆ. ಆ ಸಂಜೆ ಅವ್ವನಿಗೆ ನೀರು ಹಿಡಿದು ಕೊಡಲು ನಾನೂ ಹೋಗಿದ್ದೆ. ಅವರ ಊಟ ಮುಗಿದಿತ್ತು. ನಿಂಬೆಹಣ್ಣಿನ ಗಾತ್ರದ ರಾಗಿಮುದ್ದೆ, ಅದರ ಪಕ್ಕ ಹೋಳಿಗೆ, ಹಣ್ಣು. ಅವ್ವನಿಗೂ ಮಾವನಿಗೂ ಒತ್ತಾಯ ಮಾಡಿ ಉಣ್ಣಿಸಿದ್ದರು. ಉಂಡಾದ ಮೇಲೆ ಮೇಡಂ ಬಂದು ಕೇಳಿದಳು.

"ಅದು ಆಗಂಗಿಲ್ರಿ ಅಮ್ಮ" ಅಂದಳು ಅವ್ವ. "ಹೆಣ ಇಲ್ಲ, ಕುಣಿ ಇಲ್ಲ. ಮ್ಯಾಲೆ ನಾವು ಉಂಡೀವಿ."

"ಭಾವನೆ ಮುಖ್ಯ ಅಲ್ವಾ ಅಮ್ಮಾ? ಹಸಿವು ಅನ್ನೋದು ಒಂದು ಸಂಕೇತ ಅಷ್ಟೆ" ಅಂದಳು ಮೇಡಂ.

ಸಂಕೇತವಂತೆ! ಹಸಿವನ್ನು ಸಂಕೇತ ಅನ್ನುವುದಕ್ಕೆ ಎಷ್ಟು ತಲೆಮಾರು ಉಂಡಿರಬೇಕು? ಅವ್ವ ಏಕತಾರಿಯನ್ನು ಕೆಳಗಿಟ್ಟಳು. ಮಾವ ಅತ್ತ ನೋಡಿದ, ಇತ್ತ ನೋಡಿದ. ಕೊನೆಗೆ, "ಒಂದು ನುಡಿ ಹೇಳಿದ್ರ ಏನಾಗ್ತೈತಿ ಬಿಡಕ್ಕ" ಅಂತ ಅದನ್ನು ಎತ್ತಿಕೊಂಡು ಹಾಡಿದ. ಇಡೀ ಪದ ಹಾಡಿದ. ಚೆನ್ನಾಗಿಯೇ ಹಾಡಿದ, ಅದೇ ಇನ್ನೂ ಸಂಕಟ. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ಎದ್ದು ನಿಂತು ತಟ್ಟಿದ.

ಅವ್ವ ಕತ್ತಲಲ್ಲೇ ಮನೆಗೆ ನಡೆದಳು. ಏಕತಾರಿ ಅಲ್ಲೇ ಮಾವನ ತೊಡೆಯ ಮೇಲೆ ಉಳಿಯಿತು. ದಾರಿಯುದ್ದಕ್ಕೂ ಒಂದೇ ಮಾತು: "ಹೆಣದ ಪದಕ್ಕ ಚಪ್ಪಾಳಿ ಹೊಡಿತಾರೇನೇ? ಯಾರ ಮನ್ಯಾಗಾದ್ರೂ ಹೆಣದ ಮುಂದ ಚಪ್ಪಾಳಿ ಹೊಡಿತಾರೇನೇ?" ನನಗೆ ಪಿತ್ತ ನೆತ್ತಿಗೇರಿತ್ತು. ತಿರುಗಿ ಹೋಗಿ ಆ ಮೆತ್ತೆಗಳನ್ನೆಲ್ಲ ಎತ್ತಿ ಒಗೆಯಬೇಕು ಅನ್ನಿಸಿತ್ತು. ಅವ್ವ ನನ್ನ ಸೆರಗು ಬಿಡಲಿಲ್ಲ.

ಮತ್ತೆ ಅವಳು ಅತ್ತ ಕಾಲಿಡಲಿಲ್ಲ. ಮಾವ ಅಲ್ಲೇ ನಿಂತ. ಅವನಿಗೊಂದು ಕೋಣೆ, ಕಾವಿ ಬಣ್ಣದ ಜುಬ್ಬ, ಎರಡು ಹೊತ್ತು ಊಟ. ಅವನ ಮೇಲೆ ಸಿಟ್ಟು ಬಂದರೂ ಅವನಿಗೂ ಹೆಂಡತಿ ಮಕ್ಕಳಿದ್ದರು, ಕುರಿ ಇರಲಿಲ್ಲ, ಹೊಲ ಇರಲಿಲ್ಲ. ಬೆಂಗಳೂರಿಗೆ ಹೋಗಿ ಸಿಮೆಂಟು ಹೊರುವುದಕ್ಕಿಂತ ಊರ ಹತ್ತಿರ ಹಾಡಿಕೊಂಡಿರುವುದು ತಪ್ಪು ಅಂತ ಯಾವ ಬಾಯಲ್ಲಿ ಹೇಳುವುದು? ಅವ್ವನೂ ಹೇಳಲಿಲ್ಲ. ಒಂದು ದಿನ ಅವನು ಮನೆಗೆ ಬಂದಾಗ ಇಷ್ಟೇ ಅಂದಳು: "ನಿನ್ನ ಅನ್ನ ನಿನಗ. ನಾ ಏನೂ ಅನ್ನಂಗಿಲ್ಲ. ಆದ್ರ ನಾ ಸತ್ತ ದಿನ ಮಾತ್ರ ಹಸಕಂಡು ಬಾ. ಈಗ ಊರಾಗ ಆ ಪದ ಬಲ್ಲಾಂವ ನೀ ಒಬ್ಬನ ಉಳದೀ." ಮಾವ ಅವಳ ತಲೆ ಮುಟ್ಟಿ, "ನಿನ್ನಾಣಿ ಅಕ್ಕ" ಅಂದ. ನನ್ನ ಎದುರಿಗೇ ಅಂದ.

ಅವ್ವ ನನ್ನ ಜೊತೆ ಯೂನಿಟ್ಟಿಗೆ ಬರತೊಡಗಿದಳು. ಹೊಲಿದ ಪ್ಯಾಂಟುಗಳ ದಾರದ ಎಳೆ ಕತ್ತರಿಸುವ ಕೆಲಸ ವಯಸ್ಸಾದ ಹೆಂಗಸರದು. ರಾಶಿಯ ಮುಂದೆ ಕೂತು, ಕೈಯಲ್ಲಿ ಚಿಕ್ಕ ಕತ್ತರಿ ಹಿಡಿದು, ಹಾಡಿಕೊಳ್ಳುತ್ತ ಕತ್ತರಿಸುತ್ತಿದ್ದಳು. ಬಣ್ಣ ಬಿಟ್ಟು ಬಿಟ್ಟು ಅವಳ ಬೆರಳುಗಳು ನೀಲಿಯಾದವು. ಮಷೀನುಗಳ ಗದ್ದಲದಲ್ಲಿ ಮೊದಮೊದಲು ಅವಳ ದನಿ ಯಾರಿಗೂ ಕೇಳಿಸುತ್ತಿರಲಿಲ್ಲ. ಕರೆಂಟು ಹೋದಾಗ ಕೇಳಿಸುತ್ತಿತ್ತು. ಕರೆಂಟಿನ ಪುಣ್ಯ, ನಮ್ಮ ಕಡೆ ಅದು ಆಗಾಗ ಹೋಗುತ್ತದೆ. ಹಾಗೆ ಕತ್ತಲಲ್ಲಿ ಕೂತು ನಮ್ಮ ಸಾಲಿನ ಹೆಂಗಸರೆಲ್ಲ ಅವ್ವನ ಪದ ಕಲಿತರು. ಹೊಲಿಗೆಯ ಮಧ್ಯೆ ಅವ್ವ ಒಂದು ನುಡಿ ಎತ್ತಿದರೆ ಇಡೀ ಸಾಲು ಹಿಂದಿನಿಂದ ಹಿಡಿಯುತ್ತಿತ್ತು. ಮೇಸ್ತ್ರಿ ಗೊಣಗುತ್ತಿದ್ದ, ಕೈ ನಿಲ್ಲುವುದಿಲ್ಲವಲ್ಲ ಅಂತ ಸುಮ್ಮನಾಗುತ್ತಿದ್ದ.

ನನ್ನ ಪಕ್ಕದ ಓವರ್‌ಲಾಕ್ ಮಷೀನಿನವಳು ಮಡಕಶಿರಾ ಕಡೆಯವಳು. ಅಲ್ಲಿನ ರತ್ನಗಿರಿ ಅವಳ ತವರು. ರೇಷ್ಮೆ ಹುಳ ಸಾಕುವ ಮನೆಯಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದವಳು. ಬಾಯಿ ಬಜಾರು, ಮನಸ್ಸು ಬೆಣ್ಣೆ. ಅವ್ವನನ್ನು ರೇಗಿಸುವುದು ಅವಳ ಕೆಲಸ. "ಅಲ್ಲ ಕಣಜ್ಜಿ, ಎಲ್ಲಾ ಪದ ಹೇಳ್ಕೊಡ್ತೀಯ, ಆ ಮಣ್ಣಿನ ಪದ ಒಂದ್ಯಾಕೆ ಬಚ್ಚಿಟ್ಕೊಂಡಿದ್ದೀಯ? ಗಂಟು ಕಟ್ಕೊಂಡು ಹೋಗ್ತೀಯೇನು?"

"ಹೂಂ, ಕಟ್ಕಂಡೇ ಹೋಗ್ತೀನಿ" ಅನ್ನುತ್ತಿದ್ದಳು ಅವ್ವ. "ಅದು ಕುಣಿ ಮುಂದಿನ ಪದ. ಪ್ಯಾಂಟಿನ ಮುಂದ ಹಾಡಿದ್ರ ಪ್ಯಾಂಟು ಸಾಯ್ತೈತಿ."

ಎಲ್ಲರೂ ನಗುತ್ತಿದ್ದೆವು. ಅವಳು ಮಾತ್ರ ಆ ಪದವನ್ನು ನಮಗೆ ಯಾರಿಗೂ ಕೊಡಲಿಲ್ಲ. ಕುಣಿಯ ಮುಂದೆ ನಿಂತು ಕೇಳಿಯೇ ಅದನ್ನು ಕಲಿಯಬೇಕು. ಮೇಳದ ಹೊರಗಿನವರು ಅದನ್ನು ಬಾಯಿಗೆ ತಂದುಕೊಳ್ಳುವಂತಿಲ್ಲ.

ಅವ್ವ ಹೋದದ್ದು ಚಳಿಗಾಲದ ಒಂದು ಬೆಳಿಗ್ಗೆ. ಬುತ್ತಿ ಕಟ್ಟಿ, ಆಟೋಕ್ಕೆ ಕಾಯುತ್ತ ಬಾಗಿಲಲ್ಲಿ ಕೂತಿದ್ದಳು. ನಾನು ಒಳಗಿನಿಂದ ನೀರಿನ ಬಾಟಲಿ ತರುವಷ್ಟರಲ್ಲಿ ಗೋಡೆಗೆ ಒರಗಿದ್ದಳು. ಆಟೋ ಬಂದು ಹಾರ್ನು ಹೊಡೆಯುತ್ತಲೇ ಇತ್ತು. ನಾನು ಅವ್ವನ ಕೆನ್ನೆ ತಟ್ಟುತ್ತಲೇ ಇದ್ದೆ.

ಮೊದಲು ಫೋನು ಮಾಡಿದ್ದು ಮಾವನಿಗೆ. ಎತ್ತಿದ. ಅತ್ತ. ಗಟ್ಟಿಯಾಗಿಯೇ ಅತ್ತ. ಆಮೇಲೆ ಹೇಳಿದ: "ಇವತ್ತು ಶಿಬಿರದ ಕಡೀ ದಿನ ಐತವ್ವ, ಮಧ್ಯಾಹ್ನದ ಹಾಡೊಂದು ಮುಗಿಸಿ ಬಂದ್ಬಿಡ್ತೀನಿ." ಸ್ವಂತ ಅಕ್ಕ, ಹೆತ್ತ ತಾಯಿಯಂತೆ ಸಾಕಿದವಳು, ಬಾಗಿಲಲ್ಲಿ ಬಿದ್ದಿದ್ದಾಳೆ, ಇವನಿಗೆ ಮಧ್ಯಾಹ್ನದ ಹಾಡು! ಥೂ ಅಂತ ಫೋನಿನ ಮೇಲೇ ಉಗಿದೆ. ಅವನಿಗೆ ಕೇಳಿಸಿತೋ ಇಲ್ಲವೋ.

ಯೂನಿಟ್ಟಿಗೆ ಸುದ್ದಿ ಆಟೋದವನೇ ಮುಟ್ಟಿಸಿದ. ಸ್ವಲ್ಪ ಹೊತ್ತಿಗೆ ಅದೇ ಆಟೋದಲ್ಲಿ ನಮ್ಮ ಸಾಲಿನ ಹೆಂಗಸರು ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಬಂದಿಳಿದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಸೀರೆಗೆ ದಾರದ ಎಳೆಗಳು ಅಂಟಿದ್ದವು. ಮಧ್ಯಾಹ್ನದ ಬುತ್ತಿಗಳನ್ನು ಬಿಚ್ಚದೆ ನಮ್ಮ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಅವ್ವನಿಗೆ ನೀರು ಹಾಕುವಾಗ ಮಡಕಶಿರಾದವಳು ಅವಳ ಬೆರಳುಗಳನ್ನು ತಿಕ್ಕಿದಳು, ಸೀಗೆಕಾಯಿ ಹಾಕಿ ತಿಕ್ಕಿದಳು. ಉಗುರಿನ ನೀಲಿ ಹೋಗಲಿಲ್ಲ. "ಇರ್ಲಿ ಬಿಡಕ್ಕ" ಅಂತ ಕೈ ಬಿಟ್ಟು ಮುಖ ಮುಚ್ಚಿಕೊಂಡಳು.

ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹೆಂಗಸರೆಲ್ಲ ಎದುರಿಗೆ ಕೂತು ಹಾಡಿದರು. ಏಕತಾರಿ ಇಲ್ಲ, ದಮ್ಮಡಿ ಇಲ್ಲ. ಯಾರೋ ಬುತ್ತಿಯ ಮುಚ್ಚಳದ ಮೇಲೆ ತಾಳ ಹಾಕಿದರು. ಅವ್ವ ಯೂನಿಟ್ಟಿನಲ್ಲಿ ಕಲಿಸಿದ ಪದಗಳನ್ನೆಲ್ಲ ಹಾಡಿದರು, ಮತ್ತೆ ಮತ್ತೆ ಹಾಡಿದರು. ಬೆಳಗಿನಿಂದ ಯಾರ ಬಾಯಿಗೂ ಒಂದು ತುತ್ತು ಬಿದ್ದಿರಲಿಲ್ಲ. ಗುಡಿಯ ಹಿಂದಿನ ಹೊಲದಲ್ಲಿ ಕುಣಿ ತೋಡಿ ಆಯಿತು. ಕೊನೆಯ ಪದ ಮಾತ್ರ ಯಾರಲ್ಲೂ ಇರಲಿಲ್ಲ. ಅದು ಬರಬೇಕಾದ ಬಾಯಿ ಇನ್ನೂ ಬಂದಿರಲಿಲ್ಲ.

ಹೊತ್ತು ವಾಲಿದ ಮೇಲೆ ಜೀಪು ಬಂತು. ಮಾವ ಇಳಿದ, ಅದೇ ಕಾವಿ ಜುಬ್ಬ, ಹೆಗಲಿಗೆ ಏಕತಾರಿ. ಹಿಂದೆ ಮೇಡಂ, ಅವಳ ಜೊತೆ ಶಿಬಿರದ ಕೆಲವರು, ಎಲ್ಲರೂ ಬಿಳಿ ಬಟ್ಟೆ. ಮಾವ ಅವ್ವನ ಕಾಲ ಮೇಲೆ ಬಿದ್ದು ಹೊರಳಾಡಿ ಅತ್ತ. ಅವನು ಅತ್ತು ಮುಗಿಸುವ ತನಕ ಕಾದೆ. ಆಮೇಲೆ ಎದ್ದು ಅವನ ಎದುರಿಗೆ ನಿಂತೆ.

"ಉಂಡೀಯೇನ ಮಾವ?"

ಹಾಡುತ್ತಿದ್ದವರು ನಿಲ್ಲಿಸಿದರು. ಊರ ಹಿರಿಯರು ತಲೆ ಎತ್ತಿದರು. ನಮ್ಮೂರಲ್ಲಿ ಈ ಪ್ರಶ್ನೆ ಯಾಕೆ ಕೇಳುತ್ತಾರೆ ಅಂತ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮಾವ ಸುಳ್ಳು ಹೇಳಬಹುದಿತ್ತು. ಅವನ ಹೊಟ್ಟೆಯೊಳಗೆ ಇಣುಕಿ ನೋಡುವವರು ಯಾರಿದ್ದರು?

"ಉಂಡೀನವ್ವ" ಅಂದ. "ಹಾಡು ಮುಗೀತಿದ್ದಂಗ ತಾಟು ಕೈಗಿಟ್ರು. ಎಲ್ಲಾರೂ ಕುಂತಿದ್ರು. ವಲ್ಲೆ ಅನ್ನಾಕ ಬಾಯಿ ಬರ್ಲಿಲ್ಲ."

"ವಲ್ಲೆ ಅನ್ನಾಕ ಬಾಯಿ ಬರ್ಲಿಲ್ಲ, ಉಣ್ಣಾಕ ಬಾಯಿ ಬಂತು! ಆಕಿ ನಿನಗ ಉಣ್ಣಾಕ ಕೊಟ್ಟು ವಲ್ಲೆ ಅಂತ ಸುಳ್ಳು ಹೇಳಿದ್ಲು, ಗೊತ್ತೇನು ನಿನಗ? ಎದಿಯುರಿ ಅಂತಿದ್ಲು. ನೆಪ್ಪೈತಾ? ಎದಿಯುರಿ!"

ನಾನು ಕಿರುಚುತ್ತಿದ್ದೆ. ಯಾರೋ ಹಿಂದಿನಿಂದ ನನ್ನ ರಟ್ಟೆ ಹಿಡಿದರು. ಆಗ ಮೇಡಂ ಹತ್ತಿರ ಬಂದು ಕೈ ಮುಗಿದಳು. "ನಿಮ್ಮ ದುಃಖದಲ್ಲಿ ನಾವೂ ಇದ್ದೀವಿ. ನಿಮಗೆ ಅಭ್ಯಂತರ ಇಲ್ಲದಿದ್ರೆ ನಾವು ಹಿಂದೆ ಕೂತು ಮೌನವಾಗಿ ನೋಡ್ತೀವಿ. ಇವರಿಗೆಲ್ಲ ಇದು ತುಂಬ ದೊಡ್ಡ ಅನುಭವ ಆಗುತ್ತೆ."

ಅನುಭವ! ನನ್ನವ್ವ ಇವರಿಗೆ ಅನುಭವ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂದರೆ ಇದೇ. ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಸಾವಿನ ಮನೆಗೆ ಬಂದವರನ್ನು ಹೊರಗೆ ಹಾಕಬಾರದು, ಅದೂ ಅವ್ವನೇ ಕಲಿಸಿದ್ದು. "ಕೂತ್ಕಳ್ರಿ" ಅಂದೆ. "ಉಂಡು ಬಂದೋರು ಆ ಬೇವಿನ ಮರದ ಕೆಳಗ. ಇದು ಹಸಿದೋರು ಕುಂದರೋ ಜಾಗ."

ಅವರು ಮರದ ಕೆಳಗೆ ಹೋಗಿ ಕೂತರು. ಮಾವನೂ ಎದ್ದು ಅವರ ಕಡೆ ನಡೆಯತೊಡಗಿದ. ನಾನು ಅವನ ಜುಬ್ಬ ಹಿಡಿದು ನಿಲ್ಲಿಸಿದೆ. "ನೀ ಎಲ್ಲಿಗಿ? ನೀ ಇಲ್ಲೇ ಕುಂದ್ರು. ಅಕ್ಕನ ಪಕ್ಕದಾಗ."

ಊರ ಹಿರಿಯರೊಬ್ಬರು ಎದ್ದರು. "ಏನು ಮಾಡಬೇಕಂತೀಯವ್ವ? ಹೊತ್ತು ಮುಳುಗೂದ್ರಾಗ ಮಣ್ಣು ಮಾಡ್ಬೇಕು. ಉಂಡಾನಂತ ಇಂವ ಹಾಡಂಗಿಲ್ಲ. ಇಂವನ್ನ ಬಿಟ್ರ ಬಲ್ಲೋರಿಲ್ಲ. ಪದ ಇಲ್ದಂಗ ಇಟ್ಟುಬಿಡೂಣು, ಏನಾಗ್ತೈತಿ?"

"ಇಲ್ರಿ" ಅಂದೆ. "ಊರ ಹೆಣಕ್ಕೆಲ್ಲ ಆಕಿ ಹಸಕಂಡು ಹಾಡ್ಯಾಳ. ನಿಮ್ಮಪ್ಪಗೂ ಹಾಡ್ಯಾಳ, ಅವತ್ತು ಆಕಿ ಮೈಯಾಗ ಜ್ವರ ಇತ್ತು. ಪದ ಇಲ್ದಂಗ ಆಕೀನ ಇಡಂಗಿಲ್ಲ. ಇವಗ ಹಸಿವಾಗ್ಲಿ. ಅಲ್ಲೀತನ ನನ್ನವ್ವ ಕಾಯ್ತಾಳ."

ಎಲ್ಲರೂ ನನ್ನ ಮುಖ ನೋಡಿದರು. ತಲೆ ಕೆಟ್ಟಿದೆ ಅಂತ ಯಾರೋ ಅಂದರು. ಹೆಣ್ಣುಮಗಳ ಮಾತು ಕೇಳಿಕೊಂಡು ಊರು ಉಪವಾಸ ಕೂರಬೇಕೇ ಅಂತ ಇನ್ಯಾರೋ ಅಂದರು. ಹೆಣ ಎತ್ತುವ ತನಕ ನಮ್ಮ ಓಣಿಯಲ್ಲಿ ಒಲೆ ಹಚ್ಚುವುದಿಲ್ಲ. ಅದಕ್ಕೇ ಅವರಿಗೆ ಸಂಕಟ. "ಒಲಿ ಹಚ್ಕಳ್ರಿ, ಉಣ್ರಿ, ನಾ ಬ್ಯಾಡ ಅನ್ನಂಗಿಲ್ಲ" ಅಂದೆ. ಒಬ್ಬರೂ ಏಳಲಿಲ್ಲ. ಬೈದರು, ಗೊಣಗಿದರು, ಆದರೆ ಯಾವ ಮನೆಯ ಮೇಲೂ ಹೊಗೆ ಕಾಣಿಸಲಿಲ್ಲ. ನಮ್ಮ ಜನ ಬೈಯುವುದರಲ್ಲೂ ಗಟ್ಟಿ, ಕಟ್ಟಳೆಯಲ್ಲೂ ಗಟ್ಟಿ.

ಮಡಕಶಿರಾದವಳು ನನ್ನ ಕಿವಿಯಲ್ಲಿ, "ನಮ್ ಕಡೆ ಇಂಗಿಲ್ಲ ಕಣಕ್ಕ. ಭಜನೆಯೋರಿಗೆ ಕಾಫಿ ಟೀ ಕೊಟ್ಟೇ ಕೊಡ್ತೀವಿ" ಅಂದಳು. ಅವ್ವನ ಕಡೆ ತಿರುಗಿ, "ಆದ್ರೂ ಕಾಯಾಣ. ಅಜ್ಜಿಗೆ ಬೇಕಾಗಿದ್ದು ಇದೊಂದೇ ಅಲ್ವಾ" ಅಂತ ಹೊಸ ಪದ ಎತ್ತಿದಳು.

ಸಂಜೆಗೆ ಮೇಡಂ ಮಾವನ ಹತ್ತಿರ ಬಂದು ಬಗ್ಗಿ ಮಾತಾಡಿದಳು. ಕೊನೆಯ ಸಂಜೆಯ ಕಾರ್ಯಕ್ರಮ ಇದೆಯಲ್ಲ, ಈಗ ಬಂದು ಹಾಡಿ ಹೋಗಿ, ಬೆಳಿಗ್ಗೆ ಜೀಪಿನಲ್ಲಿ ತಂದು ಬಿಡುತ್ತೇವೆ ಅಂದಳು. ಮೆತ್ತಗೇ ಅಂದಳು. ನಾನು ಮಾವನ ಮುಖ ನೋಡಲಿಲ್ಲ. ನೋಡಿದರೆ ಕೈಯೆತ್ತಿಬಿಡುತ್ತೇನೆ ಅನ್ನಿಸಿತ್ತು. ಮಾವ ಅವ್ವನ ನೀಲಿ ಉಗುರುಗಳನ್ನೇ ನೋಡುತ್ತ ಕೂತಿದ್ದ. ಅವಳು ಪ್ಯಾಂಟಿನ ದಾರ ಕತ್ತರಿಸುತ್ತಿದ್ದಳು ಅಂತ ಅವನಿಗೆ ಗೊತ್ತಿತ್ತು, ಉಗುರು ನೋಡಿರಲಿಲ್ಲ ಅಂತ ಕಾಣುತ್ತದೆ.

"ನೀವು ಹೋಗ್ರಿ ಮೇಡಂ" ಅಂದ. "ನನಗಿನ್ನೂ ಹಸಿವಾಗಿಲ್ಲ."

ಜೀಪು ಹೋಯಿತು. ಆ ಸಂಜೆ ಅವರು ಅವನ ಹಿಡಿದಿಟ್ಟ ದನಿಯನ್ನೇ ಹಾಕಿದರಂತೆ. ಅವತ್ತಿನಿಂದ ಅದೇ ರೂಢಿಯಾಯಿತು.

ಕತ್ತಲಾದ ಮೇಲೆ ಬೇರೂರಿನಿಂದ ಬಂದ ನಮ್ಮ ಬಂಧುವೊಬ್ಬರು ಹೊರಗಿನ ಅಂಗಡಿಯಿಂದ ಚಹಾ ತರಿಸಿದರು. ಲೋಟ ಹತ್ತಿರ ಬಂದಾಗ ಮಾವನ ಕೈ ತಾನಾಗಿ ಮುಂದೆ ಹೋಯಿತು. ಹೋದ ಕೈಯನ್ನು ಅವನೇ ಹಿಂದಕ್ಕೆಳೆದು ಮಂಡಿಯ ಕೆಳಗಿಟ್ಟುಕೊಂಡ. ನಾನು ನೋಡಿದೆ, ನೋಡದವಳ ಹಾಗೆ ಇದ್ದೆ. ಹೆಂಗಸರು ಸರದಿಯಲ್ಲಿ ಹಾಡಿದರು.

ಬೆಳಕು ಹರಿಯಿತು. ಇಬ್ಬನಿಗೆ ಎಲ್ಲರ ಸೀರೆಯೂ ತಣ್ಣಗಾಗಿತ್ತು. ಹಾಡಿ ಹಾಡಿ ಗಂಟಲು ಕಟ್ಟಿದ ಹೆಂಗಸರು ಗೋಡೆಗೆ ಒರಗಿದ್ದರು. ಕಟ್ಟೆಯ ಮೇಲೆ ಬುತ್ತಿಗಳು ಬಿಚ್ಚದೆ ಹಾಗೇ ಇದ್ದವು, ಹಳಸಿದ ಸಾರಿನ ವಾಸನೆ ಬರುತ್ತಿತ್ತು. ಎಲ್ಲರೂ ಮಾತು ಬಿಟ್ಟಿದ್ದ ಆ ಹೊತ್ತಿನಲ್ಲಿ, ಅವ್ವನ ಪಕ್ಕದಲ್ಲಿ ಕೂತಿದ್ದ ಮಾವನ ಹೊಟ್ಟೆ ಗುರ್ ಅಂತ ಸದ್ದು ಮಾಡಿತು. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ. ಬೇರೆ ದಿನವಾಗಿದ್ದರೆ ಮಡಕಶಿರಾದವಳು ನಕ್ಕುಬಿಡುತ್ತಿದ್ದಳು. ಮಾವ ನಾಚಿಕೆಯಿಂದ ಹೊಟ್ಟೆ ಹಿಡಿದುಕೊಂಡು ನನ್ನ ಮುಖ ನೋಡಿದ. ತಟ್ಟೆಯ ಮುಂದೆ ಕೂತ ಚಿಕ್ಕ ಹುಡುಗನ ಮುಖ ಇದ್ದ ಹಾಗಿತ್ತು.

"ಹಸಿವಾತೇನ ಮಾವ?" ಅಂದೆ.

"ಹೂಂನವ್ವ. ಹಸಿವಾತು."

"ಹಂಗಾದ್ರ ಏಕತಾರಿ ತಗಾ. ಅವ್ವನ್ನ ಎತ್ತೂಣು."